ಸ್ವಂತ ಚಿತ್ರಗಳ ಪುಟ್ಟ ಪುಸ್ತಕ ಅಚ್ಚಾದಾಗ ಬಣ್ಣ ಮಂಕಾಗುವುದೇಕೆ?

ಪರದೆ ಬೆಳಕಿನಿಂದ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬಣ್ಣ ತೋರಿಸುತ್ತದೆ, ಕಾಗದದ ಮೇಲೆ ಬೀಳುವುದು ಸಿಎಂವೈಕೆ (ಸಯಾನ್, ಮೆಜೆಂಟಾ, ಹಳದಿ, ಕಪ್ಪು) ಶಾಯಿ. ಗಿಣಿಹಸಿರು, ಹೊಳೆಯುವ ನೀಲಿ, ಕಡುಕಿತ್ತಳೆ ಆ ಶಾಯಿಗೆ ನಿಲುಕುವುದೇ ಇಲ್ಲ. ಮುದ್ರಕರಿಂದ ಕಲರ್ ಪ್ರೊಫೈಲ್ (ಅವರ ಅಚ್ಚಿನಲ್ಲಿ ಬಣ್ಣ ಹೇಗೆ ಮೂಡುತ್ತದೆಂದು ತಿಳಿಸುವ ಕಡತ) ಕೇಳಿ ಪಡೆದು, ಚಿತ್ರ ಬರೆಯುವಾಗಲೇ ಸಾಫ್ಟ್ ಪ್ರೂಫ್ (ಅಚ್ಚಿನ ಬಣ್ಣವನ್ನು ಪರದೆಯಲ್ಲೇ ಅಂದಾಜಿಗೆ ತೋರಿಸುವ ನೋಟ) ಹಾಕಿ ನೋಡುತ್ತಿರಿ. ಮುಗಿದ ಮೇಲೆ ತಿದ್ದುವುದು ದುಪ್ಪಟ್ಟು ಕೆಲಸ. ಅಚ್ಚಿಗೆ ಬಳಸುವ ಕಾಗದದಲ್ಲೇ ಒಂದು ಮಾದರಿ ಪ್ರತಿ ತೆಗೆಸದೆ ದಯವಿಟ್ಟು ಒಪ್ಪಿಗೆ ಕೊಡಬೇಡಿ.

ಎ5 ಪುಟಕ್ಕೆ ಸುತ್ತಲೂ 3 ಮಿ.ಮೀ. ಬ್ಲೀಡ್ (ಪುಟದ ಅಂಚಿನಾಚೆ ಚಾಚಿ, ಆಮೇಲೆ ಕತ್ತರಿಸಿ ಹೋಗುವ ಚಿತ್ರದ ಭಾಗ) ಸೇರಿಸಿದರೆ 154×216 ಮಿ.ಮೀ., ಅಂದರೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 1819×2551 ಪಿಕ್ಸೆಲ್. ಬ್ಲೀಡ್ ಇಲ್ಲದಿದ್ದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿಗೆರೆ ಉಳಿಯಬಹುದು. ಸಣ್ಣ ಅಕ್ಷರಗಳಿಗೆ ಕಪ್ಪು ಶಾಯಿ ಮಾತ್ರ ಬಳಸಿ. ನಾಲ್ಕೂ ಬೆರೆತರೆ, ಒಂದು ಬಣ್ಣ ತುಸು ಸರಿದರೂ ಅಂಚು ಕದಡುತ್ತದೆ. ಮಧ್ಯೆ ಪಿನ್ ಹೊಡೆಯುವ ಪುಸ್ತಕವಾದರೆ ಒಟ್ಟು ಪುಟಗಳು 4ರಿಂದ ಭಾಗವಾಗುವಂತಿರಲಿ.