ವರ್ಗಾವಣೆಯ ಆದೇಶ ಬಂದಿದೆ, ರಾಜೀನಾಮೆ ಕೊಡಲೇ?

ಪ್ರಶ್ನೆ: ಡೊಂಬಿವಲಿಯಲ್ಲಿದ್ದೇನೆ. ಮುಂಬಯಿಯ ಕೇಂದ್ರ ಸರಕಾರಿ ಕಚೇರಿಯೊಂದರಲ್ಲಿ 2003ರಿಂದ ಗುಮಾಸ್ತೆ. ಪುನರ್‌ರಚನೆಯೆಂದು ನಮ್ಮ ವಿಭಾಗವನ್ನೇ ದಿಲ್ಲಿಗೆ ಒಯ್ಯುತ್ತಿದ್ದಾರೆ. ಪಾರ್ಕಿನ್ಸನ್ಸ್ ಇರುವ ತಾಯಿ ನನ್ನ ಆಶ್ರಯದಲ್ಲಿದ್ದಾರೆ, ಮಗಳು ಹತ್ತನೆಯ ತರಗತಿ. ರಾಜೀನಾಮೆ ಕೊಡೆಂದು ಪತಿ ಹೇಳುತ್ತಾರೆ.

ಸೋದರಿ, ಎರಡೂ ಕೈಯಲ್ಲಿ ಹಿಡಿದ ಕಾಫಿ ಲೋಟ ನಡುಗಿ ಸೀರೆಯ ಮೇಲೆ ಚೆಲ್ಲಿದಾಗ ತಾಯಿ, "ನೀನು ಹೋಗು ಮಗಾ, ನನ್ನ ಚಿಂತೆ ಬೇಡ" ಎಂದರೆಂದು ಬರೆದಿದ್ದೀರಿ. ಆ ಮಾತು ಕೇಳಿದ ಮಗಳು ರಾಜೀನಾಮೆ ಬರೆಯಲು ಕುಳಿತದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಕೇಳಿಕೊಳ್ಳುತ್ತೇನೆ, ಆ ಕಾಗದವನ್ನು ಕಚೇರಿಗೆ ಕೊಡಬೇಡಿ.

2004ರ ಜನವರಿ 1ಕ್ಕೆ ಮೊದಲೇ ಸೇರಿದ ನೀವು ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿದ್ದೀರಿ; ರಾಜೀನಾಮೆ ಅಂಗೀಕಾರವಾದರೆ ಇಷ್ಟು ವರ್ಷಗಳ ಸೇವೆಯೆಲ್ಲ ಲೆಕ್ಕದಿಂದ ಬಿದ್ದುಹೋಗಿ ಪಿಂಚಣಿಯೂ ಗ್ರಾಚ್ಯುಯಿಟಿಯೂ ಇಲ್ಲವಾಗುತ್ತವೆ. ಬಿಡಲೇಬೇಕಾಗಿ ಬಂದರೆ, 20 ವರ್ಷ ಪೂರೈಸಿದವರು ಮೂರು ತಿಂಗಳ ನೋಟಿಸು ಕೊಟ್ಟು ಪಿಂಚಣಿಯೊಂದಿಗೆ ಸ್ವಯಂ ನಿವೃತ್ತಿ ಪಡೆಯಬಹುದು. ಅದು ಕೊನೆಯ ದಾರಿ.

ಅದಕ್ಕೆ ಮೊದಲು ನೀವು ಹಿಡಿಯಬೇಕಾದ ದಾರಿ ಬೇರೆಯಿದೆ. ಅಂಗವೈಕಲ್ಯವುಳ್ಳ ಅವಲಂಬಿತ ತಂದೆತಾಯಿಯನ್ನು ನೋಡಿಕೊಳ್ಳುವ ನೌಕರರಿಗೆ ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ಕೊಡಬಹುದೆಂದು ಸಿಬ್ಬಂದಿ ಮತ್ತು ತರಬೇತಿ ಇಲಾಖೆ 2018ರ ಅಕ್ಟೋಬರಿನಲ್ಲಿ ಜ್ಞಾಪನ ಹೊರಡಿಸಿದೆ; ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಹೆಸರಿಸಿರುವ 21 ವೈಕಲ್ಯಗಳಲ್ಲಿ ಪಾರ್ಕಿನ್ಸನ್ಸ್ ಕೂಡ ಒಂದು. ತಾಯಿಗೆ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದೆಯೆಂಬ ಸರಕಾರಿ ಪ್ರಮಾಣಪತ್ರ ಬೇಕು, ವೈದ್ಯರ ಚೀಟಿ ಸಾಲದು. ಆದರೆ ನಿಮ್ಮದು ವಾಡಿಕೆಯ ವರ್ಗಾವಣೆಯಲ್ಲ, ಹುದ್ದೆಯೇ ಹೊರಟಿದೆ. ಆಡಳಿತದ ಅಡಚಣೆ ಹೇಳಿ ಅವರು ನಿರಾಕರಿಸಲೂಬಹುದು. ಆದ್ದರಿಂದ ಆದೇಶ ರದ್ದುಮಾಡಿ ಎನ್ನುವುದಕ್ಕಿಂತ, ಅದೇ ಸಚಿವಾಲಯದ ಮುಂಬಯಿಯ ಬೇರೆ ಕಚೇರಿಯ ಖಾಲಿ ಹುದ್ದೆಗೆ ಹೊಂದಿಸಿಕೊಳ್ಳಿ ಎಂದು ಮನವಿ ಬರೆಯಿರಿ. ಇದಕ್ಕಾಗಿ ಜ್ಯೇಷ್ಠತೆಯಲ್ಲಿ ಹಿಂದೆ ಬೀಳಬೇಕಾದರೂ ಒಪ್ಪಿಕೊಳ್ಳಿ. ಬಡ್ತಿ ತಡವಾದರೆ ಸಹಿಸಬಹುದು. ಅದೂ ಆಗದಿದ್ದರೆ ಮಗಳ ಬೋರ್ಡ್ ಪರೀಕ್ಷೆ ಮುಗಿಯುವವರೆಗಾದರೂ ಅವಧಿ ಕೇಳಿ. ಬೇಡುವುದಕ್ಕೆ ನಾಚಿಕೆಯೆಂದು ಬರೆದಿದ್ದೀರಿ. ನಿಯಮದಲ್ಲಿ ಇರುವುದನ್ನು ಕೇಳುವುದು ಬೇಡುವುದಲ್ಲ.

ದಿಲ್ಲಿಗೆ ಹೋದರೆ ಸಂಬಳ ಹೆಚ್ಚೀತೆಂಬ ಲೆಕ್ಕವೂ ನಿಲ್ಲುವುದಿಲ್ಲ, ಎರಡೂ ನಗರಗಳ ಮನೆಬಾಡಿಗೆ ಭತ್ಯೆ ಒಂದೇ ದರದ್ದು. ಎರಡು ಸಂಸಾರ ನಡೆಸುವ ಖರ್ಚು ಮಾತ್ರ ನಿಮ್ಮದಾಗುತ್ತದೆ.

ಪತಿ ನಿಮ್ಮ ದಣಿವು ನೋಡಲಾರದೆ ಹಾಗೆ ಹೇಳಿದ್ದಾರೆಂದು ನಂಬುತ್ತೇನೆ. ಪ್ರಮಾಣಪತ್ರಕ್ಕಾಗಿ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ಅವರೇ ರಜೆ ಹಾಕಲಿ. ಆ ಹೊತ್ತಿಗೆ ನೀವು ಕಚೇರಿಯಲ್ಲಿ ಮನವಿ ಸಲ್ಲಿಸಿ, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.