ಪೈನ್ ಚಿಗುರಿನ ಪ್ರೋಟೀನ್ ಹುಡುಕಲು ಟೂ-ಡಿ ಜೆಲ್ ಬೇಕಾ?

ಹಾರ್ಮೋನ್ ಹಾಕಿ ಚಿಗುರಿಸಿದ ಪೈನ್ ಬೀಜದಳದಲ್ಲಿ ಚಿಗುರಿನ ಪ್ರೋಟೀನ್ ಹುಡುಕಲು ಟೂ-ಡಿ ಜೆಲ್ (ಪ್ರೋಟೀನುಗಳನ್ನು ಎರಡು ಗುಣದ ಮೇಲೆ ಬಿಡಿಸುವುದು) ಬೇಕಾ, ಮಾಸ್ ಸ್ಪೆಕ್ (ಪ್ರೋಟೀನ್ ಗುರುತಿಸುವ ಯಂತ್ರ) ಬೇಕಾ ಅಂತ ಕೇಳಿದ್ದೀರಿ. ಸೊನ್ನೆ ದಿನದ ಬೀಜದಳ, 21ನೇ ದಿನದ ಬೀಜದಳ, ಎರಡರ ಪ್ರೋಟೀನನ್ನೂ ಗಾತ್ರದಂತೆ ಬಿಡಿಸುವ ಒಂದೇ ಜೆಲ್‌ನಲ್ಲಿ ಓಡಿಸಿದ್ದೀರಿ. ಕೆಲವು ಬ್ಯಾಂಡ್ (ಪ್ರೋಟೀನಿನ ಪಟ್ಟಿ) ಮಾಯ, ಒಂದು ಹೊಸದು. ಅಯ್ಯೋ, ಅದು ನನ್ನದೇ ಜೆಲ್!

ನಾನು ಸೋಮವಾರಪೇಟೆ ಕಡೆಯವನು. ಎಂಎಸ್ಸಿಯಲ್ಲಿ ರೇಡಿಯಾಟಾ ಪೈನ್ ಹಿಡಿದಿದ್ದೆ. ಆಗಷ್ಟೇ ಮೊಳೆತ ಬೀಜದಿಂದ ಬೀಜದಳ ಬಿಡಿಸಿ, ಬೆಂಜೈಲ್ ಅಡೆನಿನ್ (ಚಿಗುರು ಬರಿಸುವ ಸೈಟೋಕೈನಿನ್ ಗುಂಪಿನ ಹಾರ್ಮೋನ್) ಹಾಕಿದ ಅಗಾರ್ ಮೇಲೆ ಇಡುತ್ತಿದ್ದೆ. ಮೂರು ವಾರಕ್ಕೆ ಮೈಯೆಲ್ಲ ಮೊಗ್ಗು. ಹೊಸ ಬ್ಯಾಂಡ್ ಕಂಡ ದಿನ ನಿದ್ದೆ ಬರಲಿಲ್ಲ.

ಹೂಮಳೆ ಬಿದ್ದ ವಾರ ಊರಿಗೆ ಹೋದೆ. ಅಪ್ಪ ಕಾಫಿ ನರ್ಸರಿಯಲ್ಲಿ ಟೋಪಿ ಸಸಿಗಳನ್ನು (ಎಳೆ ಕಾಫಿ ಸಸಿ) ಚೀಲಕ್ಕೆ ನೆಡಿಸುತ್ತಿದ್ದರು. ಫೋಟೋ ತೋರಿಸಿ ಜಂಬ ಕೊಚ್ಚಿದೆ. "ಬೀಜದೊಳಗಿನ ಊಟ ಖಾಲಿ ಆಗಿದೆ, ಅಷ್ಟೇ ಅಲ್ವಾ? ನಿನ್ನ ಔಷಧಿ ಹಾಕದಿದ್ರೂ ಆಗ್ತಿತ್ತು" ಅಂದರು.

ಔಷಧಿ ಹಾಕದ ಡಿಶ್ಶನ್ನು ನಾನು ಇಟ್ಟೇ ಇರಲಿಲ್ಲ.

ಸೈಟೋಕೈನಿನ್ ಇಲ್ಲದಿದ್ದರೂ ಬೀಜದಳ ಸುಮ್ನೆ ಬಿದ್ದಿರುವುದಿಲ್ಲ. ಉದ್ದವಾಗುತ್ತದೆ, ಹಸಿರಾಗುತ್ತದೆ, ಕೂಡಿಟ್ಟ ಪ್ರೋಟೀನ್ ಕರಗಿಸುತ್ತದೆ. ಚಿಗುರು ಮಾತ್ರ ಬರುವುದಿಲ್ಲ. ಹಾಗಾಗಿ ಮಾಯವಾದ ಬ್ಯಾಂಡ್ ಚಿಗುರಿನ ಕಥೆ ಹೇಳುತ್ತಿದೆ ಅನ್ನಲು ಯಾವ ಆಧಾರವೂ ಇಲ್ಲ. ಹೊಸ ಬ್ಯಾಂಡಿನದು ಇನ್ನೂ ದೊಡ್ಡ ಮೋಸ. ಬ್ರಾಡ್‌ಫರ್ಡ್ ವಿಧಾನದಲ್ಲಿ ಒಟ್ಟು ಪ್ರೋಟೀನ್ ಅಳೆದು ಜೆಲ್ಲಿನ ಪ್ರತಿ ಲೇನ್‌ಗೂ ಸಮನಾಗಿ 20 ಮೈಕ್ರೋಗ್ರಾಂ ಹಾಕಿದ್ದೆ. ಮೊದಲ ದಿನ ಅದರಲ್ಲಿ ದಾಸ್ತಾನು ಪ್ರೋಟೀನೇ ಜಾಸ್ತಿ. ಅದು ಕರಗಿದ ಮೇಲೆ ಅದೇ 20ರಲ್ಲಿ ಉಳಿದವುಗಳ ಪಾಲು ತಾನಾಗಿ ಏರುತ್ತದೆ. ಹೆಚ್ಚು ತಯಾರಾಗದಿದ್ದರೂ ಬ್ಯಾಂಡ್ ದಪ್ಪ! ಸಾಲದ್ದಕ್ಕೆ ನನ್ನದು ಇದ್ದದ್ದು 55 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ. ಗಾಳಿಯ ಇಂಗಾಲ ಹಿಡಿಯುವ ಎಲೆಯ ಪ್ರೋಟೀನ್ ರುಬಿಸ್ಕೋದ ದೊಡ್ಡ ತುಂಡು ಬರುವ ಜಾಗವೇ ಅದು. ಹಸಿರಾದ ಯಾವ ಎಲೆಯಲ್ಲೂ ಸಿಗುವ ಪ್ರೋಟೀನಿಗೆ ನಾನು ನಿದ್ದೆಗೆಟ್ಟಿದ್ದೆ. ಆರು ತಿಂಗಳು ನೀರುಪಾಲು.

ಟೂ-ಡಿ ಜೆಲ್ಲಾ, ಮಾಸ್ ಸ್ಪೆಕ್ಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ತಪ್ಪು ಹೋಲಿಕೆಯನ್ನು ದುಬಾರಿ ಯಂತ್ರ ಸರಿ ಮಾಡುವುದಿಲ್ಲ. ಹಾರ್ಮೋನ್ ಇರುವ, ಇಲ್ಲದ ಡಿಶ್‌ಗಳನ್ನು ಒಂದೇ ದಿನ ಶುರು ಮಾಡಿ, ಜೋಡಿಯಾಗಿಯೇ ಮಾದರಿ ತೆಗೆಯಿರಿ. ಮೊದಲ ಐದು ದಿನ ದಿನವೂ ತೆಗೆಯಿರಿ. ಮೊಗ್ಗು ಕಣ್ಣಿಗೆ ಕಾಣುವ ಹೊತ್ತಿಗೆ ಮುಖ್ಯ ಕೆಲಸ ಮುಗಿದಿರುತ್ತದೆ. ನಿಮ್ಮ ಲ್ಯಾಬಿಗೆ ರೇಡಿಯೋಆಕ್ಟಿವ್ ಗಂಧಕದ ಮೆಥಿಯೋನಿನ್ (ಹೊಸ ಪ್ರೋಟೀನಿಗೆ ಸೇರಿಕೊಳ್ಳುವ ಅಮೈನೋ ಆಮ್ಲ) ಬಳಸಲು ಅನುಮತಿ ಇದ್ದರೆ ಬಿಡಬೇಡಿ. ಹಳೇ ದಾಸ್ತಾನು ಬದಿಗಿಟ್ಟು, ಆ ಹೊತ್ತಿಗೆ ತಯಾರಾಗುತ್ತಿರುವುದನ್ನಷ್ಟೇ ಅದು ತೋರಿಸುತ್ತದೆ. ಅರೆಯುವಾಗ ಪಿವಿಪಿಪಿ (ಕಂದು ಬಣ್ಣ ತರುವ ಫಿನಾಲ್‌ಗಳನ್ನು ಹಿಡಿದುಕೊಳ್ಳುವ ಪುಡಿ) ಹಾಕಿ. ಇಲ್ಲದಿದ್ದರೆ ಪೈನ್ ರಸ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ.

ಬೀಜ ಎಷ್ಟು ಉಳಿದಿದೆ? ಅರ್ಧ ಬೀಜ ಹಾರ್ಮೋನ್ ಇಲ್ಲದ ಡಿಶ್‌ಗೇ ಹೋಗಲಿ, ಕೈ ಬಿಗಿ ಮಾಡಬೇಡಿ.