ಭಾರದ ಬೈಕ್, ಇಳಿಜಾರಿನ ಅಂಗಳ, ಮಳೆಗಾಲದ ನೆಲ

ಪ್ರಶ್ನೆ: ನಮ್ಮ ಮನೆಯ ಅಂಗಳ ರಸ್ತೆಯ ಕಡೆಗೆ ಇಳಿಜಾರಾಗಿದ್ದು, ಅದಕ್ಕೆ ಇಂಟರ್‌ಲಾಕ್ ಹಾಸಲಾಗಿದೆ. ಈಚೆಗೆ ಸುಮಾರು 240 ಕೆ.ಜಿ. ತೂಕದ ಟೂರಿಂಗ್ ಬೈಕ್ ಕೊಂಡಿದ್ದೇನೆ. ಅದಕ್ಕೆ ಸೆಂಟರ್ ಸ್ಟ್ಯಾಂಡ್ ಇಲ್ಲ. ಬೆಳಿಗ್ಗೆ ಹೊರಡಲು ಸುಲಭವಾಗಲೆಂದು ರಸ್ತೆಗೆ ಮುಖ ಮಾಡಿ ನಿಲ್ಲಿಸಿದ್ದಾಗ ಅದು ಮುಂದಕ್ಕೆ ಉರುಳಿ, ಸ್ಟ್ಯಾಂಡ್ ಮಡಚಿಕೊಂಡು ಬಿದ್ದುಹೋಯಿತು. ಇನ್ನೊಮ್ಮೆ ಮಲ್ಪೆಯ ಕಡಲ ಬದಿಯಲ್ಲಿ ಸ್ಟ್ಯಾಂಡ್ ಹೊಯಿಗೆಯಲ್ಲಿ ಹೂತು ಬೈಕ್ ಎಡಕ್ಕೆ ಮಗುಚಿತು. ಸೈಡ್ ಸ್ಟ್ಯಾಂಡನ್ನಷ್ಟೇ ನಂಬಿ ಇಷ್ಟು ಭಾರದ ಬೈಕನ್ನು ನಿಲ್ಲಿಸುವುದು ಸರಿಯೇ? ಪೆಟ್ಟಿಗೆಗಳನ್ನು ತುಂಬಿಸಿಕೊಂಡು ಆಗುಂಬೆ ಘಾಟಿ ಹತ್ತುವ ಯೋಚನೆಯೂ ಇದೆ.
— ಓದುಗರು, ಮಣಿಪಾಲ

ಉತ್ತರ: ಖಂಡಿತ ನಂಬಬಹುದು. ಬೈಕಿನ ತೂಕಕ್ಕೆ ತಕ್ಕಂತೆಯೇ ಸೈಡ್ ಸ್ಟ್ಯಾಂಡನ್ನು ಮಾಡಿರುತ್ತಾರೆ. 241 ಕೆ.ಜಿ. ತೂಗುವ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯಾರ್ 650 ಇರಲಿ, 380 ಕೆ.ಜಿ.ಗೂ ಮೀರಿದ ಹೋಂಡಾ ಗೋಲ್ಡ್ ವಿಂಗ್ ಟೂರ್ ಇರಲಿ, ಗಟ್ಟಿ ನೆಲದಲ್ಲಿ ಸರಿಯಾಗಿ ನಿಲ್ಲಿಸಿದರೆ ಸೈಡ್ ಸ್ಟ್ಯಾಂಡಿನ ಮೇಲೆ ನೆಮ್ಮದಿಯಾಗಿ ನಿಲ್ಲುತ್ತವೆ. ನೀವು ಬರೆದಿರುವ ಎರಡು ಸಂದರ್ಭಗಳಲ್ಲಿ ಮೊದಲನೆಯದಕ್ಕೆ ಬೈಕ್ ಮುಖ ಮಾಡಿದ್ದ ದಿಕ್ಕು ಕಾರಣ, ಎರಡನೆಯದಕ್ಕೆ ನೆಲ ಕಾರಣ. ಹಗುರ ಬೈಕಿನಲ್ಲಿ ಇಂಥ ತಪ್ಪು ಮುಚ್ಚಿಹೋಗುತ್ತದೆ, ಏಕೆಂದರೆ ವಾಲುವಾಗಲೇ ಅದನ್ನು ಹಿಡಿದು ಎತ್ತಿಬಿಡಬಹುದು, 240 ಕೆ.ಜಿ.ಯ ಬೈಕ್ ಒಂದು ಮಿತಿ ದಾಟಿ ವಾಲಿದರೆ ಹಿಡಿಯುವುದು ಯಾರಿಂದಲೂ ಆಗದು.

ದಿಕ್ಕಿನ ವಿಷಯವನ್ನು ಮೊದಲು ನೋಡೋಣ. ಸ್ಟ್ಯಾಂಡನ್ನು ಬಿಚ್ಚಿದಾಗ ಅದರ ಪಾದ ಮೇಲಿನ ಬೋಲ್ಟಿಗಿಂತ ತುಸು ಮುಂದಕ್ಕೆ ಹೋಗಿ, ಅಲ್ಲಿರುವ ತಡೆಗೆ ತಾಗಿ ನಿಲ್ಲುತ್ತದೆ. ಬೈಕ್ ಹಿಂದಕ್ಕೆ ಸರಿಯಲು ನೋಡಿದರೆ ಸ್ಟ್ಯಾಂಡ್ ಆ ತಡೆಗೇ ಇನ್ನಷ್ಟು ಒತ್ತಿಕೊಳ್ಳುತ್ತದೆ; ಮುಂದಕ್ಕೆ ಉರುಳಿದರೆ ಪಾದ ಊರಿದಲ್ಲೇ ಉಳಿದು, ಸ್ಟ್ಯಾಂಡ್ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆದುದರಿಂದ ಬೈಕಿನ ಮುಖ ಯಾವಾಗಲೂ ಏರಿನ ಕಡೆಗಿರಬೇಕು. ನಿಮ್ಮ ಅಂಗಳದಲ್ಲಿ ಮನೆಗೆ ಮುಖ ಮಾಡಿ ನಿಲ್ಲಿಸಿ. ಬೆಳಿಗ್ಗೆ ಬೈಕ್ ಮೇಲೆ ಕುಳಿತು, ಬ್ರೇಕ್ ಹಿಡಿಯುತ್ತಾ ಬಿಡುತ್ತಾ ನಿಧಾನವಾಗಿ ಹಿಂದಕ್ಕೆ ಇಳಿಸಿಕೊಳ್ಳುವುದು ಕಷ್ಟವೇನಲ್ಲ, ಇಳಿಜಾರೇ ನೆರವಿಗೆ ಬರುತ್ತದೆ.

ನಿಲ್ಲಿಸುವಾಗ ಬೈಕ್ ಎಂದೂ ನ್ಯೂಟ್ರಲ್‌ನಲ್ಲಿರಬಾರದು. ಈಗಿನ ಬಹುತೇಕ ದೊಡ್ಡ ಬೈಕುಗಳಲ್ಲಿ ಗೇರ್ ಹಾಕಿರುವಾಗ ಸ್ಟ್ಯಾಂಡ್ ಇಳಿಸಿದರೆ ಇಂಜಿನ್ ತಾನಾಗಿ ನಿಲ್ಲುವ ವ್ಯವಸ್ಥೆಯಿದೆ. ಒಂದನೇ ಗೇರಿನಲ್ಲಿ ಕ್ಲಚ್ ಹಿಡಿದುಕೊಂಡು ಸ್ಟ್ಯಾಂಡ್ ಇಳಿಸಿ, ಇಂಜಿನ್ ನಿಂತ ಮೇಲೆ ಕ್ಲಚ್ ಬಿಟ್ಟು, ಗೇರ್ ಕಚ್ಚಿಕೊಳ್ಳುವವರೆಗೆ ಬೈಕನ್ನು ಒಂದಿಷ್ಟು ಹಿಂದಕ್ಕೆ ಸರಿಯಲು ಬಿಟ್ಟು, ಆಮೇಲೆ ತೂಕವನ್ನು ಸ್ಟ್ಯಾಂಡಿನ ಮೇಲೆ ಒರಗಿಸಿದರೆ ಗೇರ್ ಬಿದ್ದಿದೆಯೇ, ಸ್ಟ್ಯಾಂಡ್ ಪೂರ್ತಿ ಬಿಚ್ಚಿದೆಯೇ ಎಂಬ ಎರಡು ಸಂದೇಹಗಳೂ ಒಟ್ಟಿಗೇ ತೀರುತ್ತವೆ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಲಾಕ್ ಮಾಡಿ. ಬಲಕ್ಕೆ ತಿರುಗಿಸಿಟ್ಟರೆ ಬೈಕಿನ ಸ್ಥಿರತೆ ಕಡಿಮೆಯಾಗುತ್ತದೆ. ಇಳಿಜಾರು ಹೆಚ್ಚಿದ್ದರೆ ಮುಂದಿನ ಬ್ರೇಕ್ ಲಿವರನ್ನು ಗಟ್ಟಿ ಪಟ್ಟಿಯಿಂದ ಹ್ಯಾಂಡಲಿಗೆ ಬಿಗಿದು ಕಟ್ಟಬಹುದು. ಅಗ್ಗದ ಉಪಾಯವಾದರೂ ಬಹಳ ಉಪಯುಕ್ತ.

ಅಡ್ಡ ಇಳಿಜಾರು ಇನ್ನೂ ಮೋಸದ್ದು. ಎಡಬದಿಯ ನೆಲ ಎತ್ತರವಾಗಿದ್ದರೆ ಬೈಕ್ ನೆಟ್ಟಗೆ ನಿಂತು, ಯಾರಾದರೂ ತಾಗಿದರೆ ಸಾಕು, ಬಲಕ್ಕೆ ಉರುಳುತ್ತದೆ. ಎಡಬದಿ ತಗ್ಗಾಗಿದ್ದರೆ ವಿಪರೀತ ವಾಲುತ್ತದೆ. ಮಂಗಳೂರಿನ ಕದ್ರಿ, ಬೆಂದೂರು ಕಡೆಯ ಏರುತಗ್ಗಿನ ರಸ್ತೆಗಳಲ್ಲಿ ಸಾಲಾಗಿ ಬೈಕ್ ನಿಲ್ಲಿಸುವಾಗ ಈ ತೊಂದರೆ ಸಾಮಾನ್ಯ. ಅಲ್ಲಿ ಹಿಂದಿನ ಚಕ್ರವನ್ನು ರಸ್ತೆಯಂಚಿನ ಕಲ್ಲಿಗೆ ತಾಗಿಸಿ, ಮುಂದಿನ ಚಕ್ರವನ್ನು ಏರಿನ ಕಡೆಗೆ ಓರೆಯಾಗಿಟ್ಟರೆ ಎರಡೂ ಇಳಿಜಾರುಗಳಿಗೆ ಉತ್ತರ ಸಿಗುತ್ತದೆ.

ಇನ್ನು ನೆಲ. ಸ್ಟ್ಯಾಂಡಿನ ಪಾದ ಎರಡು ಮೂರು ಬೆರಳಿನಷ್ಟೇ ಅಗಲವಿದ್ದು, ತನ್ನ ಪಾಲಿನ ಭಾರವನ್ನೆಲ್ಲ ಅಷ್ಟೇ ಜಾಗಕ್ಕೆ ಒತ್ತುತ್ತದೆ. ಹೊಯಿಗೆಯಲ್ಲಿ ಅದು ಹೂಳುವುದು ಕಣ್ಣಿಗೆ ಕಾಣುತ್ತದೆ. ಮೋಸ ಮಾಡುವುದು ಗಟ್ಟಿಯಂತೆ ತೋರುವ ನೆಲ. ಬೇಸಿಗೆಯಲ್ಲಿ ಕಲ್ಲಿನಂತಿರುವ ನಮ್ಮ ಕೆಂಪು ಮಣ್ಣು ಜೂನ್ ಮಳೆಗೆ ಮೆದುವಾಗುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಡಾಮರು ಇಳಿಯುತ್ತದೆ. ಇಂಟರ್‌ಲಾಕಿನ ಅಡಿಯ ಹೊಯಿಗೆ ನೀರಿಗೆ ತೊಳೆದುಹೋದರೆ ಮೇಲಿನ ಇಟ್ಟಿಗೆ ಭಾರ ಬಿದ್ದೊಡನೆ ಕುಸಿಯುತ್ತದೆ. ಸ್ಟ್ಯಾಂಡ್ ಊರುವ ಜಾಗವನ್ನು ಒಮ್ಮೆ ಹಿಮ್ಮಡಿಯಿಂದ ಗುದ್ದಿ ನೋಡಿ: ಇಟ್ಟಿಗೆ ಅಲುಗಿದರೆ, ಸಂದಿಯಿಂದ ನೀರು ಚಿಮ್ಮಿದರೆ, ಆ ಜಾಗ ಬೇಡ. ಅಂಗೈಯಗಲದ ದಪ್ಪ ಮರದ ತುಂಡನ್ನೋ ಅಲ್ಯುಮಿನಿಯಂ ತಗಡನ್ನೋ ಬೈಕಿನಲ್ಲೇ ಇಟ್ಟುಕೊಂಡು ಪಾದದಡಿ ಕೊಡಿ. ಕೈಗೆ ಸಿಕ್ಕಿತೆಂದು ಹಂಚಿನ ಚೂರು ಇಡಬೇಡಿ, ಅದು ಭಾರಕ್ಕೆ ಒಡೆಯುತ್ತದೆ. ಪಾದಕ್ಕೇ ಬೋಲ್ಟ್ ಹಾಕಿ ಕೂರಿಸುವ ಅಗಲ ತಟ್ಟೆಗಳೂ ಸಿಗುತ್ತವೆ. ಕರಾವಳಿಯಲ್ಲಿ ಓಡಾಡುವವರಿಗೆ ಅದು ದಂಡದ ಖರ್ಚಲ್ಲ. ಆದರೆ ಅದರ ದಪ್ಪದಷ್ಟು ಬೈಕ್ ನೆಟ್ಟಗಾಗುತ್ತದೆ ಎಂಬುದು ನೆನಪಿರಲಿ.

ಆಗುಂಬೆಗೆ ಹೊರಡುವ ಮುನ್ನ ಇದನ್ನೂ ಗಮನಿಸಬೇಕು. ಪೆಟ್ಟಿಗೆಗಳಲ್ಲಿ ಸಾಮಾನು ತುಂಬಿದಾಗ ಹಿಂದಿನ ಸಸ್ಪೆನ್ಶನ್ ಕುಗ್ಗಿ ಬೈಕ್ ತಗ್ಗುತ್ತದೆ, ಸ್ಟ್ಯಾಂಡಿನ ಉದ್ದ ಮಾತ್ರ ಇದ್ದಷ್ಟೇ ಇರುತ್ತದೆ. ಹೀಗಾಗಿ ಖಾಲಿಯಿದ್ದಾಗ ಚೆನ್ನಾಗಿ ಒರಗುತ್ತಿದ್ದ ಬೈಕ್ ಈಗ ನೆಟ್ಟಗೆ ನಿಂತು ಬಲಕ್ಕೆ ಬೀಳುವ ಅಪಾಯವಿದೆ. ಹಿಂದಿನ ಪ್ರಿಲೋಡನ್ನು (ಸಸ್ಪೆನ್ಶನ್ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರಮಾಣವನ್ನು) ಹೆಚ್ಚಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ನೆಲಕ್ಕೆ ಕಾಲು ಎಟುಕಲೆಂದು ಸಸ್ಪೆನ್ಶನ್ ತಗ್ಗಿಸಿಕೊಂಡವರು ಸ್ಟ್ಯಾಂಡನ್ನೂ ಅದಕ್ಕೆ ತಕ್ಕಷ್ಟು ಗಿಡ್ಡ ಮಾಡಿಸಲೇಬೇಕು. ತುಂಬಿದ ಬೈಕ್ ಸ್ಟ್ಯಾಂಡಿನ ಮೇಲಿರುವಾಗ ಹಿಂದಿನ ಸವಾರರು ಎಡ ಫುಟ್‌ರೆಸ್ಟಿನ ಮೇಲೆ ಪೂರ್ತಿ ಭಾರ ಹಾಕಿ ಹತ್ತಬಾರದು. ನೀವು ಬೈಕನ್ನು ನೆಟ್ಟಗೆ ಹಿಡಿದ ಮೇಲೆ ಹತ್ತಲಿ.

ಇಷ್ಟಾಗಿಯೂ ಬೈಕ್ ವಾಲಿದರೆ ದಯವಿಟ್ಟು ಅಡ್ಡ ಕಾಲು ಕೊಡಬೇಡಿ, ಬಿಟ್ಟು ದೂರ ಸರಿಯಿರಿ. ಮುರಿದ ಲಿವರ್ ಅಂಗಡಿಯಲ್ಲಿ ಸಿಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಬೈಕಿಗೆ ಕವರ್ ಹೊದಿಸಿ ಬಯಲಲ್ಲೇ ನಿಲ್ಲಿಸಬೇಕಾಗಿದೆ. ಕಡಲಿನ ಗಾಳಿಗೆ ಎರಡು ಸಲ ಬಲಕ್ಕೆ ಬಿದ್ದಿದೆ. ಏನು ಮಾಡಬಹುದು?
— ಓದುಗರು, ಸುರತ್ಕಲ್

ಉತ್ತರ: ಎಡಬದಿಯಿಂದ ಬೀಸುವ ಗಾಳಿ ಬೈಕನ್ನು ಸ್ಟ್ಯಾಂಡಿನಿಂದ ಎಬ್ಬಿಸುತ್ತದೆ, ಬಲಬದಿಯಿಂದ ಬೀಸುವ ಗಾಳಿ ಸ್ಟ್ಯಾಂಡಿನ ಮೇಲೆಯೇ ಒತ್ತುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಡುವಣ ಕಡಲಿನಿಂದ ಬರುವುದರಿಂದ, ನೆಲದ ಇಳಿಜಾರು ಒಪ್ಪುವುದಾದರೆ, ಬೈಕಿನ ಬಲಬದಿ ಕಡಲಿಗೆ ಬರುವಂತೆ, ಅಂದರೆ ಮುಖ ತೆಂಕಣಕ್ಕಿರುವಂತೆ ನಿಲ್ಲಿಸಿ. ಸಡಿಲ ಕವರ್ ಗಾಳಿ ತುಂಬಿಕೊಂಡು ಉಬ್ಬುತ್ತದೆ. ಅದನ್ನು ಬೈಕಿನ ಹೊಟ್ಟೆಯ ಅಡಿಯಿಂದ ಹಗ್ಗ ಹಾಯಿಸಿ ಬಿಗಿಯಾಗಿ ಕಟ್ಟಿ. ಬಿರುಗಾಳಿಯ ಮುನ್ಸೂಚನೆ ಇರುವ ರಾತ್ರಿ ಕವರ್ ತೆಗೆದೇ ಬಿಡುವುದು ಲೇಸು, ನೆನೆದ ಬೈಕನ್ನು ಮರುದಿನ ಒರೆಸಿಕೊಳ್ಳಬಹುದು.